ಪಾಲು ಹಂಚಿದ ಮೇಲೆ ತೂಗಿದ ಬೇಳೆ

ಆ ಫಾರ್ಮಿನಲ್ಲಿ ಇದ್ದದ್ದು ಮೂರೇ ಕಾಲಂ. ಕಚ್ಚಾ ಮಾಲು, ಪಕ್ಕಾ ಮಾಲು, ನುಕಸಾನು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂರನೆಯದು ಬರಬೇಕು, ಮುಗಿಯಿತು. ಅದನ್ನು ಮಾಡಿದವರು ಜೀವಮಾನದಲ್ಲಿ ಒಂದು ಸಲವಾದರೂ ಬೀಸುಕಲ್ಲಿನ ಮುಂದೆ ಕೂತಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವರು ಕೂತಿರಲಿಲ್ಲ, ಬಿಡಿ. ಕೂತು ಬೆಳೆದ ನಾನೇ ಅದನ್ನು ತುಂಬಿ, ಕೆಳಗೆ ಸಹಿ ಹಾಕಿದೆನಲ್ಲ! ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ. ಅರ್ಧ ಉರಿ ಅವರ ಮೇಲೆ, ಇನ್ನರ್ಧ ನನ್ನ ಮೇಲೆ.

ಎಪ್ಪತ್ತರ ದಶಕ ಮುಗಿಯಲು ಇನ್ನೂ ಎರಡು ಮೂರು ವರ್ಷ ಇದ್ದವು. ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಸೊಲ್ಲಾಪುರದಲ್ಲೇ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಅಪ್ಪನದು ಕಾಳುಕಡಿಯನ್ನು ದಲ್ಲಾಳಿಯ ಮೇಲೆ ಮಾರಿಸಿಕೊಡುವ ಅಡತಿ ಅಂಗಡಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಕಲಿತದ್ದು ಮರಾಠಿ. ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಎರಡೂ ಬೇಕು, ಅದಕ್ಕೇ ನನ್ನನ್ನು ತೆಗೆದುಕೊಂಡರು. ಆಹಾರ ಉದ್ಯಮದ ಅರ್ಥಶಾಸ್ತ್ರ ಎಂಬ ದೊಡ್ಡ ಹೆಸರಿನ ಸಂಶೋಧನೆ ಅದು. ಬಿಡಿಸಿ ಹೇಳಿದರೆ ಇಷ್ಟೇ: ತೊಗರಿಯನ್ನು ಹಳ್ಳಿಯ ಹೆಂಗಸರು ಒಡೆದು ಬೇಳೆ ಮಾಡುವುದು ಲಾಭವೋ, ಗಿರಣಿಯಲ್ಲಿ ಒಡೆಸುವುದು ಲಾಭವೋ?

ಕೇಳಲಿಕ್ಕೆ ಇದೇನು ಮಹಾ ಪ್ರಶ್ನೆಯಲ್ಲ. ಆದರೆ ಅದರ ಹಿಂದೆ ಒಂದು ನಿರ್ಧಾರ ಕಾದು ಕೂತಿತ್ತು. ಚಪಳಗಾಂವದ ಹದಿನೆಂಟು ಹೆಂಗಸರು ತಾಲೂಕಿನ ಸಹಕಾರಿ ಸಂಘದಿಂದ ತೊಗರಿ ತರಿಸಿಕೊಂಡು, ಬೇಳೆ ಮಾಡಿ, ಅಕ್ಕಲಕೋಟದ ವಸತಿಶಾಲೆಗಳಿಗೆ ಕೊಡುತ್ತಿದ್ದರು. ಈ ಕೆಲಸ ಅವರ ಕೈಯಲ್ಲೇ ಉಳಿಯಬೇಕೋ ಗಿರಣಿಗೆ ಹೋಗಬೇಕೋ ಎಂಬುದನ್ನು ಸಂಘದವರು ನಮ್ಮ ವರದಿ ನೋಡಿ ಠರಾವು ಮಾಡುವವರಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಪ್ಪು ಮಾಡಿದೆ.

ಮೊದಲು ಗಿರಣಿಗೆ ಹೋದೆ. ಅಕ್ಕಲಕೋಟ ರಸ್ತೆಯಲ್ಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ಮಗ್ಗಗಳ ಸದ್ದು ದಾಟಿದ ಮೇಲೆ ಬಲಕ್ಕೆ ದೊಡ್ಡ ಅಂಗಳ, ಅದರ ತುಂಬ ಎಣ್ಣೆ ಸವರಿ ಒಣಹಾಕಿದ ತೊಗರಿ. ಕಾಳನ್ನು ಒಂದು ಸಲ ಉರುಳೆಯಲ್ಲಿ ತಿಕ್ಕಿ ಸಿಪ್ಪೆಗೆ ಗೀರು ಹಾಕುತ್ತಾರೆ, ಎಣ್ಣೆ ಸವರುತ್ತಾರೆ, ಬಿಸಿಲಿಗೆ ಹಾಕುತ್ತಾರೆ, ಮತ್ತೆ ತಿಕ್ಕುತ್ತಾರೆ, ಕೊನೆಗೆ ಒಡೆಯುತ್ತಾರೆ. ಐವತ್ತು ಕಿಲೋದ ಒಂದು ಚೀಲದ ಹಿಂದೆ ನಾನು ಬೆಳಗಿನಿಂದ ಅಡ್ಡಾಡಿದೆ. ಬೇಳೆ ಮೂವತ್ತೇಳು ಕಿಲೋ ಬಂತು. ಉಳಿದದ್ದನ್ನು ನುಕಸಾನಿನ ಕಾಲಂನಲ್ಲಿ ಬರೆಯಲು ಹೋದರೆ, ಗಾದಿಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಮುನೀಮ ಹೌಹಾರಿ ಎದ್ದು ನಿಂತ.

"ಏ ಬಾಯಾರ, ನುಕಸಾನ ಎಲ್ಲದರಿ ಇಲ್ಲಿ? ಬ್ಯಾಳಿ ಒಂದು ಮಾಲು, ನುಚ್ಚು ಒಂದು ಮಾಲು, ಹೊಟ್ಟು ಎಮ್ಮಿಗಿ ಹೋಗ್ತದ, ಅದೂ ಮಾಲು. ಎಲ್ಲಾ ಪಕ್ಕಾ ಮಾಲಿನಾಗ ಬರಕೋರಿ."

ಪುಣೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ನಮ್ಮ ಸಾಹೇಬರನ್ನು ಕೇಳಿದೆ. ಸಂಶೋಧನೆಯ ಮುಖ್ಯಸ್ಥರು ಅವರೇ. ಅವರು ಆಡಿದ್ದೆಲ್ಲ ಮರಾಠಿ, ನಾನು ಕನ್ನಡದಲ್ಲೇ ಬರೆಯುತ್ತೇನೆ. "ಮುನೀಮ ಹೇಳುವುದು ಸರಿ. ಅವೆಲ್ಲ ಉಪ ಉತ್ಪನ್ನಗಳು, ಪಕ್ಕಾ ಮಾಲಿಗೆ ಸೇರಿಸಿ" ಎಂದರು. ಸೇರಿಸಿದೆ. ಗಿರಣಿಯ ನುಕಸಾನು ಹೆಚ್ಚುಕಡಿಮೆ ಸೊನ್ನೆಗೆ ಬಂತು.

ಆಮೇಲೆ ಚಪಳಗಾಂವ. ಎಸ್‌ಟಿ ಬಸ್ಸಿನಲ್ಲಿ ಕಾಲ ಬಳಿ ತೂಕದ ಕಾಟಾ ಇಟ್ಟುಕೊಂಡು ಹೋದೆ. ನಮ್ಮ ಸಂಶೋಧನೆಗೆ ಕಾಲೇಜೊಂದರಲ್ಲಿ ಕೋಣೆ ಕೊಟ್ಟಿದ್ದರು, ಕಾಟಾ ಪಕ್ಕದ ಫಿಸಿಕ್ಸ್ ಪ್ರಯೋಗಶಾಲೆಯದು. ಹೆಂಗಸರು ಕೆಲಸ ಮಾಡುತ್ತಿದ್ದದ್ದು ಗೌಡತಿಯ ಮನೆಯಲ್ಲಿ. ಐವತ್ತು ದಾಟಿದ ಹೆಂಗಸು, ಹೊಲಮನೆ ಎಲ್ಲ ತಾನೇ ನೋಡಿಕೊಳ್ಳುವಾಕೆ, ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು.

"ಬಾಯಾರ, ಮೊದಲ ಚಾ ಕುಡೀರಿ. ನಿಮ್ಮ ಕಾಟಾ ಎಲ್ಲಿಗೂ ಓಡಿ ಹೋಗಾಂಗಿಲ್ಲ."

ಅವರ ಪದ್ಧತಿ ಗಿರಣಿಯದಕ್ಕಿಂತ ನಿಧಾನ, ಆದರೆ ಏನು ಅಚ್ಚುಕಟ್ಟು! ತೊಗರಿ ಹಸನು ಮಾಡಿ ನೆನೆಹಾಕುತ್ತಾರೆ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಕಾಳಿಗೆ ತಿಕ್ಕಿ ರಾಶಿ ಹಾಕುತ್ತಾರೆ. ಮರುದಿನ ಮಾಳಿಗೆಯ ಮೇಲೆ ಹರವಿ ಎರಡು ಮೂರು ಬಿಸಿಲು ಕೊಡುತ್ತಾರೆ. ಕಾಳನ್ನು ಹಲ್ಲಿಗೆ ಹಾಕಿ ಕಡಿದು, ಟಕ್ಕನೆ ಸದ್ದು ಬಂದರೆ ಮಾತ್ರ ಕೆಳಗಿಳಿಸುವುದು. ಆಮೇಲೆ ಜರಡಿಯಲ್ಲಿ ಮಣ್ಣು ಉದುರಿಸಿ, ಎದುರಾಬದುರು ಕೂತು ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ, ಬೇಳೆ, ನುಚ್ಚು, ಹೊಟ್ಟು ಬೇರೆಬೇರೆ ಮಾಡುತ್ತಾರೆ. ನಾನು ಮೊದಲ ದಿನ ಐವತ್ತು ಕಿಲೋ ತೊಗರಿ ತೂಗಿಕೊಟ್ಟು, ಒಡೆಯುವ ದಿನ ಮತ್ತೆ ಹೋಗಿ ಬೆಳಗಿನಿಂದ ಅಲ್ಲೇ ಕೂತೆ.

ಸಂಜೆ ಐದರ ಸುಮಾರಿಗೆ ಕೆಲಸ ಮುಗಿಯಿತು. ಮೂರು ರಾಶಿ ಆಯಿತು. ಗೌಡತಿ ಎದ್ದು, "ಹಿಡೀರಬೇ ಉಡಿ" ಎಂದಳು.

ನಮ್ಮ ಕಡೆ ಇದೊಂದು ರೀತಿ. ಕೆಲಸಕ್ಕೆ ಬಂದ ಹೆಂಗಸು ಬರಿ ಉಡಿಯಲ್ಲಿ ಮನೆಗೆ ಹೋಗಬಾರದು. ಸೀರೆಯ ಸೆರಗನ್ನು ಮಡಿಲು ಮಾಡಿ ಹಿಡಿದರೆ, ಮನೆಯೊಡತಿ ಬೊಗಸೆ ತುಂಬ ಬೇಳೆ, ಅದರ ಮೇಲೆ ನುಚ್ಚು ಹಾಕುತ್ತಾಳೆ. ಹೊಟ್ಟು ಎಮ್ಮೆ ಇದ್ದವರಿಗೆ. ಸಂಘ ಕೊಡುವ ಕೂಲಿ ಅಷ್ಟಕ್ಕಷ್ಟೇ, ನಿಜವಾದ ಕೂಲಿ ಈ ಪಾಲು. ಸಂಘದವರಿಗೂ ಇದು ಗೊತ್ತು, ಬಾಯಿಮಾತಿನಲ್ಲಿ ಒಪ್ಪಿದ್ದೇ. ಆದರೆ ಈ ಪಾಲನ್ನು ಯಾರೂ ತೂಗುವುದಿಲ್ಲ. ಅಂಗಡಿಯಲ್ಲಿ ತೂಗಬೇಕು, ಮನೆಯಲ್ಲಿ ತೂಗಿ ಕೊಟ್ಟರೆ ಎದುರಿನವರ ಮುಖಕ್ಕೆ ಹೊಡೆದ ಹಾಗೆ. ಹೊರಗಿನವರು ಅದನ್ನು ನೋಡುತ್ತ ನಿಲ್ಲುವುದೂ ತಪ್ಪು. ಯಾರದಾದರೂ ಉಡಿ ತುಂಬುವಾಗ ನಾನು ಕಣ್ಣು ಬಿಟ್ಟುಕೊಂಡು ನಿಂತರೆ, ಅವ್ವ ಚಿಕ್ಕಂದಿನಲ್ಲಿ ತೊಡೆಗೆ ಚಿವುಟುತ್ತಿದ್ದಳು.

ಹಾಗಾಗಿ ನಾನು ಏನು ಮಾಡಿದೆ? ಮುಖ ತಿರುಗಿಸಿ ನಿಂತೆ. ಮೇವು ಹಾಕುವ ಗ್ವಾದಲಿಗೆ ಕಟ್ಟಿದ್ದ ಎಮ್ಮೆಯನ್ನು, ಜಗತ್ತಿನಲ್ಲಿ ಎಮ್ಮೆಯನ್ನೇ ಕಾಣದವಳ ಹಾಗೆ ನೋಡಿದೆ. ಎಲ್ಲರ ಉಡಿ ತುಂಬಿ, ಅವರು ಹೋದ ಮೇಲೆ ತಿರುಗಿ, ಉಳಿದ ಬೇಳೆಯನ್ನು ತೂಗಿದೆ; ನುಚ್ಚು, ಹೊಟ್ಟು ಅವರೊಂದಿಗೇ ಹೋಗಿದ್ದವು. ಮೂವತ್ತೊಂದು ಕಿಲೋ. ಐವತ್ತರಲ್ಲಿ ಮೂವತ್ತೊಂದು ಹೋದರೆ ಹತ್ತೊಂಬತ್ತು. ನುಕಸಾನಿನ ಕಾಲಂನಲ್ಲಿ ಹತ್ತೊಂಬತ್ತು ಎಂದು ಬರೆದು, ಕೆಳಗೆ ಅಚ್ಚಾಗಿದ್ದ "ನಾನೇ ಖುದ್ದಾಗಿ ತೂಗಿದ್ದೇನೆ" ಎಂಬ ಸಾಲಿನ ಮುಂದೆ ಸಹಿ ಮಾಡಿದೆ. ಮುಂದಿನ ಐದು ಚೀಲಗಳಿಗೂ ಹಾಗೇ ಮಾಡಿದೆ. ಆರು ಫಾರ್ಮು, ಆರು ಸಹಿ. ಒಂದು ಸಲವಾದರೂ ತಲೆಗೆ ಹೊಳೆಯಬಾರದೆ?

ಚೈತ್ರದಲ್ಲಿ ಸಾಹೇಬರು ಕರಡು ವರದಿ ತಂದರು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಮಸಿ ಇನ್ನೂ ಕೈಗೆ ಹತ್ತುತ್ತಿತ್ತು. ಒಂದೇ ಕೋಷ್ಟಕದಲ್ಲಿ ಗಿರಣಿ ಮತ್ತು ಚಪಳಗಾಂವ ಅಕ್ಕಪಕ್ಕ. ಗಿರಣಿಯ ನುಕಸಾನು ಇಲ್ಲವೇ ಇಲ್ಲ ಎನ್ನುವಷ್ಟು. ಚಪಳಗಾಂವದ್ದು ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಕೆಳಗೆ ತೀರ್ಮಾನ: ಗೃಹಘಟಕಗಳಲ್ಲಿ ಅಮೂಲ್ಯ ಆಹಾರಧಾನ್ಯ ಪೋಲಾಗುತ್ತಿರುವುದರಿಂದ ಕೆಲಸವನ್ನು ಗಿರಣಿಗೆ ವಹಿಸುವುದು ಉಚಿತ.

ಪೋಲಾಗುತ್ತಿದೆಯಂತೆ! ಮಾಳಿಗೆಯ ಸಂದಿನಲ್ಲಿ ಬಿದ್ದ ಕಾಳನ್ನು ಬೆರಳಲ್ಲಿ ಕೆದಕಿ ತೆಗೆಯುವ ಹೆಂಗಸರು ಅವರು. ನನಗೆ ಆ ಹಾಳೆ ಹರಿದು ಅವರ ಮುಂದೆ ಎಸೆಯಬೇಕೆನ್ನಿಸಿತು. ಆದರೆ ಅಂಕಿ ನನ್ನದೇ ಆಗಿತ್ತಲ್ಲ. ಏನೋ ತಪ್ಪಿದೆ ಎಂದು ಮನಸ್ಸು ಹೇಳುತ್ತಿತ್ತು, ಎಲ್ಲಿ ಎಂದು ತಲೆಗೆ ತಿಳಿಯಲಿಲ್ಲ.

ಕಾಟಾದ ಮೇಲೆ ಅನುಮಾನ ಬಂದು ಪಕ್ಕದ ಪ್ರಯೋಗಶಾಲೆಗೆ ಒಯ್ದೆ. ಅಲ್ಲಿಯ ಫಿಸಿಕ್ಸ್ ಮಾಸ್ತರರಿಗೆ ಆಕಾಶದ ಹುಚ್ಚು. ಪರದೇಶದ ಹಳೆಯ ಪತ್ರಿಕೆಗಳನ್ನು ಅಂಚೆಯಲ್ಲಿ ತರಿಸಿಕೊಂಡು, ಕಪ್ಪುಕುಳಿಗಳ ಹತ್ತಿರದಿಂದ ಎರಡೂ ಬದಿಗೆ ಚಿಮ್ಮುವ ಧಾರೆಗಳ ಬಗ್ಗೆ ಬಿಡುವಿನಲ್ಲಿ ಲೆಕ್ಕ ಹಾಕುತ್ತಿದ್ದರು. ಯಾರು ಸಿಕ್ಕರೂ ಅದೇ ಮಾತು, ನಾನು ಸಾಮಾನ್ಯವಾಗಿ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಅವರು ಕಾಟಾಕ್ಕೆ ಒಂದೊಂದಾಗಿ ಹಿತ್ತಾಳೆಯ ತೂಕದ ಬಟ್ಟು ಹಾಕಿ ನೋಡಿದರು.

"ಕಾಟಾ ಖರೇನ ಹೇಳ್ತದರಿ. ತೂಗೂಕಿಂತ ಮೊದಲ ಏನರೆ ಹೊರಗ ಹೋಗ್ಯಾದೇನು, ಅದನ್ನ ನೋಡ್ರಿ."

"ಹೊರಗ ಎಲ್ಲಿ ಹೋಗ್ತದರಿ ಸರ್? ನಾ ಅಲ್ಲೇ ಕುಂತಿದ್ದೆ."

"ಕುಂತಿದ್ರಿ ಖರೆ, ನೋಡಿದ್ರೇನು?" ಎಂದು ನಕ್ಕರು. "ಕಪ್ಪುಕುಳಿ ಅಂದ್ರ ಎಲ್ಲಾ ನುಂಗೂದಷ್ಟ ಅಂತ ಮಂದಿ ತಿಳಕೊಂಡಾರ. ಒಳಗ ಬಿದ್ದದ್ದಷ್ಟ ಬರಕೊಂಡು ಕುಂತ್ರ, ಈ ಕಡಿ ಆ ಕಡಿ ಚಿಮ್ಮೂ ಧಾರಿ ಲೆಕ್ಕಕ್ಕ ಬರೂದೇ ಇಲ್ಲ. ಹೊರಗ ಹೋದದ್ದನ್ನೂ ಹಿಡೀಬೇಕಾಗ್ತದರಿ."

ಕುಂತಿದ್ರಿ ಖರೆ, ನೋಡಿದ್ರೇನು. ನನಗೆ ಗ್ವಾದಲಿಯ ಎಮ್ಮೆ ಕಣ್ಣ ಮುಂದೆ ಬಂತು. ಅಯ್ಯೋ ನನ್ನ ಹಣೆಬರಹವೇ ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಾಸ್ತರರಿಗೆ ನಾನು ಕಪ್ಪುಕುಳಿಗೆ ಇಷ್ಟು ಮನಸೋತೆನೆಂದು ಸಂತೋಷವಾಗಿರಬೇಕು.

ಮರುದಿನವೇ ಚಪಳಗಾಂವಕ್ಕೆ ಹೋದೆ. ಗೌಡತಿಗೆ ಎಲ್ಲ ಹೇಳಿದೆ: ವರದಿ ಏನೆನ್ನುತ್ತದೆ, ಕೆಲಸ ಎಲ್ಲಿಗೆ ಹೋಗಲಿದೆ, ತಪ್ಪು ಯಾರದು. ಆಕೆ ಮೊರ ಕೆಳಗಿಟ್ಟಳು.

"ನಿಮ್ಮ ಮುಂದನ ಪಾಲು ಹಾಕೀನಲ್ಲರಿ ಬಾಯಾರ. ಕಣ್ಣಿಗಿ ಕಾಣಲಿಲ್ಲೇನು?"

"ನಾ ಮಾರಿ ತಿರುಗಿಸಿದ್ದೆ, ಅವ್ವಾರ."

"ಯಾಕ?"

"ನೋಡಬಾರದಂತ."

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಛಲೋ ಮನಿತನದ ಹುಡುಗಿ ನೋಡ ತಾಯಿ! ಮರ್ಯಾದಿ ಮಾಡಿ ನಮ್ಮ ಕುತ್ತಿಗಿ ಕೊಯ್ದಿ."

ಬಹುವಚನ ಹೋಗಿ ಏಕವಚನಕ್ಕೆ ಇಳಿದಿದ್ದಳು. ಬೈಗುಳವೋ ಸಲಿಗೆಯೋ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ನಾನು ಅಳುತ್ತಿದ್ದೆ. ಒಂದು ಚೀಲ ಹೊಸದಾಗಿ ಒಡೆಯೋಣ, ಈ ಸಲ ಪಾಲು ಹಾಕುವ ಮೊದಲೇ ಎಲ್ಲ ತೂಗೋಣ ಎಂದು ಕೇಳಿಕೊಂಡೆ. ಸುತ್ತ ಕೂತಿದ್ದ ಹೆಂಗಸರು ಒಟ್ಟಿಗೇ ಬೇಡವೆಂದರು. ಒಬ್ಬಾಕೆ, "ನಮ್ಮ ಪಾಲು ತಕ್ಕಡಿ ಏರಿದ ಮ್ಯಾಲ ಪಾಲಲ್ಲ, ಭಿಕ್ಷಾ" ಎಂದಳು. ಗೌಡತಿಯ ಹೆದರಿಕೆ ಬೇರೆಯೇ ಇತ್ತು.

"ಇಷ್ಟ ದಿನ ಇದು ಬಾಯಾಗ ಇತ್ತು. ಹಾಳಿ ಮ್ಯಾಲ ಬಂತಂದ್ರ ನಾಳಿ ಇದನ್ನ ಕಳವು ಅಂದಾರು."

"ಅನ್ನಾಂಗಿಲ್ಲರಿ. ನಾ ಅದೀನಲ್ಲ."

ಎಷ್ಟು ಸುಲಭವಾಗಿ ಹೇಳಿದೆ! ಇಪ್ಪತ್ನಾಲ್ಕು ವರ್ಷದ ಹುಡುಗಿ, ತಿಂಗಳ ಕರಾರಿನ ನೌಕರಿ, ಯಾರ ಬಾಯಿ ಕಟ್ಟುವವಳಿದ್ದೆನೋ. ಆದರೆ ಗೌಡತಿ ಆ ಮಾತನ್ನು ನಂಬಿದಳು. ಹೆಂಗಸರ ಕಡೆ ತಿರುಗಿ, "ಹಂಗಾದ್ರ ಆ ದಿನ ಪಾಲು ಯಾರಿಗೂ ಬ್ಯಾಡ. ತೂಗೂದೇನದ ರಾಶಿ ತೂಗಲಿ. ಯಾರ ಉಡೀನೂ ತೂಗೂದು ಬ್ಯಾಡ" ಎಂದಳು.

ಹಾಗೇ ಆಯಿತು. ಮತ್ತೆ ನೆನೆಹಾಕಿ, ಕೆಮ್ಮಣ್ಣು ತಿಕ್ಕಿ, ಮೂರು ಬಿಸಿಲು ಕೊಟ್ಟು, ಒಡೆದದ್ದಾಯಿತು. ಈ ಸಲ ನಾನು ಬೀಸುಕಲ್ಲಿನ ಸುತ್ತ ಹಾರಿದ ಪುಡಿಯನ್ನೂ ಗುಡಿಸಿ ತೂಗಿದೆ. ಬೇಳೆ ಮೂವತ್ತಾರು ಕಿಲೋ. ನುಚ್ಚು ಆರು. ಹೊಟ್ಟು ಏಳೂಕಾಲು. ಸಿಗದೆ ಹೋದದ್ದು ಮುಕ್ಕಾಲು ಕಿಲೋ, ಅಷ್ಟೆ. ಗಿರಣಿಗಿಂತ ಒಂದೇ ಒಂದು ಕಿಲೋ ಬೇಳೆ ಕಡಿಮೆ. ಒಂದು ತೊಟ್ಟು ಎಣ್ಣೆಯಿಲ್ಲ, ವಿದ್ಯುತ್ತಿಲ್ಲ.

ಅವತ್ತು ಸಂಜೆ ಹದಿನೆಂಟು ಹೆಂಗಸರು ಬರಿ ಉಡಿಯಲ್ಲಿ ಮನೆಗೆ ಹೋದರು. ಬಾಗಿಲು ದಾಟುವಾಗ ಒಬ್ಬೊಬ್ಬರೂ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು, ಖಾಲಿ ಇದೆಯೆಂದು ಬೀದಿಯವರಿಗೆ ಕಾಣಬಾರದೆಂದು. ನಾನು ಎಲ್ಲವನ್ನೂ ನೋಡಿದೆ.

ಸಾಹೇಬರು ಸಂಘದ ಸಭೆಯ ಹಿಂದಿನ ದಿನ ಸೊಲ್ಲಾಪುರಕ್ಕೆ ಬಂದರು. ಹೊಸ ತೂಕದ ಹಾಳೆ ಅವರ ಮುಂದಿಟ್ಟು ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಅಂದರೆ ಪ್ರತಿ ಚೀಲಕ್ಕೂ ಸಂಘದ ಐದು ಕಿಲೋ ಬೇಳೆ ಆ ಹೆಂಗಸರು ಹೊತ್ತೊಯ್ಯುತ್ತಾರೆ. ಇದನ್ನು ಕಳವು ಎನ್ನುತ್ತಾರೆ. ಒಳ್ಳೆಯದೇ ಆಯಿತು, ವರದಿಯಲ್ಲಿ ಒಂದು ಪ್ಯಾರಾ ಸೇರಿಸೋಣ."

ಕಳವು. ಗೌಡತಿ ಹೇಳಿದ್ದ ಅದೇ ಶಬ್ದ.

"ಅದು ಅವರ ಕೂಲಿ ಸರ್. ಗಿರಣಿಯ ಹಮಾಲರಿಗೆ ಕೊಡುವುದನ್ನು ಕೂಲಿ ಎಂದು ಬೇರೆ ಫಾರ್ಮಿನಲ್ಲಿ ಬರೆದಿದ್ದೇವೆ. ಇವರದನ್ನು ಯಾಕೆ ನುಕಸಾನು ಎಂದು ಬರೆಯಬೇಕು? ಗಿರಣಿಯ ಹೊಟ್ಟು ಮಾಲಾದರೆ ಇವರ ಹೊಟ್ಟು ಹೇಗೆ ಪೋಲಾಯಿತು? ಇವರ ಎಮ್ಮೆ ಎಮ್ಮೆಯಲ್ಲವೇ?"

"ದನಿ ಇಳಿಸಿ ಮಾತಾಡಿ. ಮಾಹಿತಿ ಸಂಗ್ರಹದ ಅವಧಿ ಮುಗಿದಿದೆ. ಈ ಹೊಸ ತೂಕವನ್ನು ನಾನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಹಳೆಯ ಆರು ಫಾರ್ಮು ಸಾಕು. ಕಳವಿನ ವಿಷಯ ಮಾತ್ರ ನಾಳೆ ಸಭೆಯಲ್ಲಿ ಬಾಯಿಂದ ಹೇಳುತ್ತೇನೆ."

ಬೇಕಾದ ಮಾತಿಗೆ ಅವಧಿ ಮುಗಿದಿಲ್ಲ, ಬೇಡದ ತೂಕಕ್ಕೆ ಮುಗಿದಿದೆ! ಥೂ, ಇದ್ಯಾವ ವಿದ್ಯೆ ಎನ್ನಿಸಿತು. ಫೈಲು ನನ್ನ ಮೇಜಿನ ಮೇಲೇ ಇತ್ತು. ಹೊಸ ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೆ. ಆರೂ ಫಾರ್ಮು ಹೊರಗೆ ತೆಗೆದು, "ನಾನೇ ಖುದ್ದಾಗಿ ತೂಗಿದ್ದೇನೆ" ಎಂಬ ಸಾಲಿನ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದೆ. ಪಕ್ಕದಲ್ಲಿ ಮರಾಠಿಯಲ್ಲಿ ಬರೆದೆ: ಕೂಲಿಯ ಪಾಲು ಹಂಚಿದ ಮೇಲೆ ತೂಗಿದ್ದು. ತಪ್ಪು ನನ್ನದು. ಈ ತೂಕ ನಂಬಬಾರದು. ಕೆಳಗೆ ಸಹಿ. ಆರು ಸಲ.

ಸಾಹೇಬರು ಎದ್ದು ಬಂದು ನೋಡುವಷ್ಟರಲ್ಲಿ ಐದು ಮುಗಿದಿದ್ದವು. "ಇದು ಸಂಸ್ಥೆಯ ಮಾಹಿತಿ!" ಎಂದು ಕೂಗಿದರು.

"ಮಾಹಿತಿ ನಿಮ್ಮದು ಸರ್, ಸಹಿ ನನ್ನದು" ಎಂದೆ, ಆರನೆಯದನ್ನೂ ಮುಗಿಸಿದೆ. ನಾಳೆಯಿಂದ ಬರಬೇಡಿ ಎಂದರು. ನಾನು ಕಾಟಾ ಎತ್ತಿಕೊಂಡು ಹೋಗಿ ಫಿಸಿಕ್ಸ್ ಮಾಸ್ತರರಿಗೆ ಮರಳಿಸಿ ಮನೆಗೆ ಹೋದೆ. ಅಪ್ಪ ಎರಡು ದಿನ ಚಹಾವನ್ನು ಅಂಗಡಿಯಲ್ಲೇ ಕುಡಿದರು. ಮೂರನೆಯ ದಿನ, "ತೂಕದಾಗ ಸುಳ್ಳಿಗಿ ಸಹಿ ಮಾಡಿದ್ರ ನಮ್ಮ ಅಂಗಡಿ ಮುಚ್ಚಬೇಕಾಗ್ತಿತ್ತು, ಬಿಡವಾ" ಎಂದು ಚಹಾ ಕೇಳಿದರು.

ಫಾರ್ಮು ತಿದ್ದಿದ ಮರುದಿನವೇ ಇದ್ದ ಅಕ್ಕಲಕೋಟದ ಸಭೆಗೆ ನನ್ನನ್ನು ಕರೆಯಲಿಲ್ಲ. ಆದರೂ ಹೋದೆ, ಹೊಸ ತೂಕದ ಹಾಳೆಯೊಂದಿಗೆ ಬಾಗಿಲ ಹತ್ತಿರ ನಿಂತೆ. ಕರಾರಿನಂತೆ ವರದಿಯ ಜೊತೆ ಮೂಲ ಫಾರ್ಮುಗಳನ್ನೂ ಸಂಘದ ಮುಂದೆ ಇಡಲೇಬೇಕಿತ್ತು. ಕೆಂಪು ಗೀಟಿನ ಫಾರ್ಮುಗಳನ್ನು ತಿರುವಿ ನೋಡಿದ ಸಂಘದ ಅಧ್ಯಕ್ಷರು ಇದೇನೆಂದು ಕೇಳಿದರು. ಸಾಹೇಬರು ಕಳವಿನ ಮಾತು ಎತ್ತಿದರು. ಅಧ್ಯಕ್ಷರು ಅದೇ ತಾಲೂಕಿನ ಒಕ್ಕಲುತನದ ಮನೆಯವರು. "ನಮ್ಮ ಅವ್ವನೂ ಹಂಗ ಉಡಿ ತುಂಬತಿದ್ದಳು. ಆಕೀನ್ನೂ ಕಳ್ಳಿ ಅಂತೀರೇನ್ರಿ?" ಎಂದು ಕನ್ನಡದಲ್ಲೇ ಕೇಳಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ, ಮರಾಠಿಯಲ್ಲಿ ತಿಳಿಸಿ ಎಂದರು ಅಧ್ಯಕ್ಷರು. ಜೀವನದಲ್ಲಿ ಇಷ್ಟು ಖುಷಿಯಿಂದ ನಾನು ಯಾವ ಮಾತನ್ನೂ ಅನುವಾದ ಮಾಡಿಲ್ಲ. ನನ್ನ ಹಾಳೆಯನ್ನು ಯಾರೂ ಕೇಳಲಿಲ್ಲ; ನಂಬಲಾಗದ ತೂಕದ ಮೇಲೆ ಠರಾವು ಬೇಡವೆಂದರು, ಕೆಲಸ ಚಪಳಗಾಂವದಲ್ಲೇ ಉಳಿಯಿತು.

ಅಚ್ಚಾದ ವರದಿ ದೀಪಾವಳಿಯ ಹೊತ್ತಿಗೆ ಬಂತು. ಫಿಸಿಕ್ಸ್ ಮಾಸ್ತರರು ಕಾಲೇಜಿನ ಪ್ರತಿಯನ್ನು ನನಗೆ ಕೊಟ್ಟು ಕಳಿಸಿದರು. ಗಿರಣಿಯ ಕೋಷ್ಟಕ ಹಾಗೇ ಇತ್ತು. ಅದರ ಪಕ್ಕ, ಚಪಳಗಾಂವ ಇರಬೇಕಾದ ಜಾಗದಲ್ಲಿ ಒಂದೇ ಸಾಲು: ಗೃಹಘಟಕಗಳ ಮಾಹಿತಿ ಲಭ್ಯವಾಗಲಿಲ್ಲ.

ಲಭ್ಯವಾಗಲಿಲ್ಲವಂತೆ! ಹದಿನೆಂಟು ಹೆಂಗಸರು ಬರಿ ಉಡಿಯಲ್ಲಿ ಮನೆಗೆ ಹೋಗಿ ಕೊಟ್ಟ ಮಾಹಿತಿ ಅದು, ಕೇಳಿದ್ದರೆ ನನ್ನ ಪೆಟ್ಟಿಗೆಯಲ್ಲೇ ಇತ್ತು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಪುಸ್ತಕ ಹಿಡಿದುಕೊಂಡು ಚಪಳಗಾಂವಕ್ಕೆ ಹೋಗಿ, ಗೌಡತಿಯ ಅಂಗಳದಲ್ಲಿ ನಿಂತು ಆ ಸಾಲನ್ನು ಕನ್ನಡ ಮಾಡಿ ಓದಿ ಹೇಳಿದೆ. ಬೀಸುವುದು ಆಗತಾನೆ ಮುಗಿದಿತ್ತು, ಮೂರು ರಾಶಿ ಎದುರಿಗಿದ್ದವು.

"ಸಿಗಲಿಲ್ಲಂತ?" ಎಂದಳು ಗೌಡತಿ. ಎದ್ದು ಬೇಳೆಯ ರಾಶಿಗೆ ಎರಡೂ ಕೈ ಹಾಕಿದಳು. "ಹಿಡಿ ಉಡಿ."

ಸೆರಗು ಹಿಡಿದೆ. ಬೊಗಸೆ ತುಂಬ ಬೇಳೆ ಬಿತ್ತು, ಅದರ ಮೇಲೆ ನುಚ್ಚು ಬಿತ್ತು. ಆಮೇಲೆ ಉಳಿದ ಹದಿನೆಂಟು ಉಡಿಗಳೂ ಒಂದೊಂದಾಗಿ ತುಂಬಿದವು. ನಾನು ಈ ಸಲ ಮುಖ ತಿರುಗಿಸಲಿಲ್ಲ.